ತಾಂಬಾದ ಗೋಲಿನ ಹೊಸ್ತಿಲು

ಗೋಲು ಗೆರೆಯೂ ಗೋಲಿನ ಮುಂದಿನ ಸಣ್ಣ ಚೌಕದ ಗೆರೆಯೂ ಕೂಡುವ ಪಡುವಣ ಮೂಲೆಯಲ್ಲಿ ನಾನು ನಿಂತಿದ್ದೆ. ಊರು ಇಂಡಿ ತಾಲ್ಲೂಕಿನ ತಾಂಬಾ. ಬಯಲು ಊರಾಚೆಯದು, ಗೋಲು ತೆಂಕು ದಿಕ್ಕಿನದು. ಮೂರು ವರ್ಷದ ಹಿಂದೆ, ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತಿದ್ದ ಕಾಲದ ಒಂದು ಭಾನುವಾರ ಸಂಜೆ. ಹೊತ್ತು ಮುಳುಗಿರಲಿಲ್ಲ. ಸೂರ್ಯ ನನ್ನ ಬೆನ್ನಿಗಿದ್ದ. ಇಳಿಬಿಸಿಲು ಗೆರೆಯುದ್ದಕ್ಕೂ ಹರಿದು ಆಚೆಯ ಕಂಬದವರೆಗೆ ಬಿದ್ದಿತ್ತು. ಗೆರೆಯ ಮೇಲೆ ಇರುವೆ ಹೋಗಿದ್ದರೂ ನನಗೆ ಕಾಣುತ್ತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ. ನನಗೆ ಏನೂ ಕಾಣಲಿಲ್ಲ ಎನ್ನುವವರು ಈಗಲೂ ಇದ್ದಾರೆ.

ನಾನು ಸಿಂದಗಿಯವನು, ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಮಾಸ್ತರ. ಆ ದಿನ ಫುಟ್‌ಬಾಲ್ ಪಂದ್ಯದಲ್ಲಿ ಬಾವುಟ ಹಿಡಿದ ಲೈನ್ಸ್‌ಮನ್ ಆಗಿದ್ದೆ. ಈ ಮಾತನ್ನು ಇಷ್ಟು ದಿನ ಬರೆಯಬೇಕೆನಿಸಿರಲಿಲ್ಲ. ಈಚೆಗೆ ಒಂದು ಮಧ್ಯಾಹ್ನ ಇಂಡಿಯ ಬಸ್‌ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದಾಗ ಅನಿಸಿತು. ಪಕ್ಕದ ಬೆಂಚಿನಲ್ಲಿ ಇಬ್ಬರು ಮೊಬೈಲಿನಲ್ಲಿ ಹುಡುಗಿಯರ ಫುಟ್‌ಬಾಲ್ ನೋಡುತ್ತಿದ್ದರು. ಏಷ್ಯಾ ಮಟ್ಟದ ಪಂದ್ಯಾವಳಿಗೆ ಹೋಗಲು ನಮ್ಮ ದೇಶದ ಕಿರಿಯರ ತಂಡ ಅರ್ಹತಾ ಸುತ್ತು ಆಡುತ್ತಿತ್ತು. ಒಬ್ಬ ಹೇಳಿದ:

“ಆ ನಾಲತವಾಡದ ಹುಡುಗಿ ಟೀಮಿನಾಗ ಇಲ್ಲ ನೋಡು. ಹೊಸ್ತಿಲಾ ತುಳದಾಕಿಗೆ ದೇವರು ಬಾಗಲಾ ತಗೀತಾನೇನು?”

ಇನ್ನೊಬ್ಬ ಅದಕ್ಕೆ ಸೇರಿಸಿದ: “ಆವತ್ತಿನ ಆಟಾನ ಖೊಟ್ಟಿ. ಸಿಂದಗಿ ಮಾಸ್ತರ ಝಂಡಾ ಎತ್ತಿದ್ರ ಆಕಿ ಅಲ್ಲೇ ಉಳೀತಿದ್ಲು.”

ಚಹಾದ ಗ್ಲಾಸನ್ನು ಬೆಂಚಿನ ಮೇಲಿಟ್ಟು, ಆ ಮಾಸ್ತರ ನಾನೇ ಎಂದೆ. ಮೊದಲನೆಯವನು ನಕ್ಕು, “ಹಂಗಾರ ಹೇಳ್ರಿ ಸರ, ಖರೇ ಏನು?” ಎಂದ. ಬಸ್ಸು ಬಂದಿತ್ತು, ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಅದರಲ್ಲಿ ಒಂದು ಬೆರಳಷ್ಟನ್ನೂ ಯಾರಿಗಾಗಿಯೂ ಕಡಿಮೆ ಮಾಡುವುದಿಲ್ಲ.

ಆ ಭಾನುವಾರ ನಾಲ್ಕು ತಾಲ್ಲೂಕುಗಳ ಹುಡುಗಿಯರು ತಾಂಬಾಕ್ಕೆ ಬಂದಿದ್ದರು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಎಲ್ಲರೂ ಹದಿನೇಳರ ಒಳಗಿನವರು. ಬೆಳಿಗ್ಗೆ ಎರಡು ಪಂದ್ಯ, ಸಂಜೆ ಫೈನಲ್. ಗೆದ್ದ ತಂಡವೊಂದೇ ರಾಜ್ಯದ ಆಯ್ಕೆ ಪಂದ್ಯಗಳಿಗೆ ಹೋಗಬೇಕು. ಅಲ್ಲಿ ದೇಶದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದು ಕೂರುತ್ತಾರೆ. ಆ ದೇಶದ ತಂಡ ಏಷ್ಯಾದ ಅರ್ಹತಾ ಸುತ್ತು ಆಡುವುದಿತ್ತು. ತಾಂಬಾದ ಬಯಲಿನಿಂದ ಅಲ್ಲಿಗೆ ದಾರಿ ಉದ್ದವಾಗಿತ್ತು, ಆದರೆ ಇತ್ತು. ನಮ್ಮ ಕಡೆಯ ಹುಡುಗಿಯರಿಗೆ ಅಂಥ ದಾರಿ ಇದೆಯೆಂದು ಯಾರೋ ಹೇಳಿದ್ದೇ ಅದು ಮೊದಲು.

ಬೆಳಿಗ್ಗೆ ನಮ್ಮ ಸಿಂದಗಿ ಮುದ್ದೇಬಿಹಾಳಕ್ಕೆ ಸೋತಿತು, ಬಾಗೇವಾಡಿ ಇಂಡಿಗೆ ಸೋತಿತು. ಸೋತ ತಾಲ್ಲೂಕುಗಳ ಮಾಸ್ತರರೇ ಫೈನಲಿಗೆ ರೆಫರಿಗಳಾಗಬೇಕೆಂದು ಮೊದಲೇ ಗೊತ್ತಾಗಿತ್ತು. ಸೀಟಿ ಹಿಡಿದವರು ಬಾಗೇವಾಡಿಯ ನಿವೃತ್ತ ಮಾಸ್ತರರು, ನನಗಿಂತ ಬಹಳ ಹಿರಿಯರು, ಮೆತ್ತಗೆ ಮಾತಾಡುವವರು. ನಾನೂ ಬಾಗೇವಾಡಿಯ ಇನ್ನೊಬ್ಬರೂ ಬಾವುಟ ಹಿಡಿದೆವು.

ಮುದ್ದೇಬಿಹಾಳದ ಗೋಲ್‌ಕೀಪರ್ ನಾಲತವಾಡದ ಹುಡುಗಿ. ಗಾದಿ ಹೊಲಿಯುವ ಮುಸ್ಲಿಂ ಮನೆತನದವಳು. ಅವಳ ತಂದೆ ಊರೂರು ತಿರುಗಿ, ಮಂದಿಯ ಮನೆಯ ಕಟ್ಟೆಯ ಮೇಲೆ ಕೂತು ಹಳೆಯ ಹತ್ತಿ ಹಿಂಜಿ ಹೊಸ ಗಾದಿ ಮಾಡಿಕೊಡುವವರು. ಪಂದ್ಯಕ್ಕೆ ಮುಂಚೆ ನಾನು ಹುಡುಗಿಯರ ಬೂಟು ನೋಡುತ್ತಿದ್ದಾಗ ಅವರ ತಂಡದ ಮೇಡಂ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಸರ, ಈಕಿ ವಯಸ್ಸು ಮುಂದಿನ ವರ್ಷ ದಾಟತೈತ್ರಿ. ಇವತ್ತ ಗೆದ್ರ ಉಂಟು, ಇಲ್ಲಂದ್ರ ಇಲ್ಲ.” ಅವರು ಬೇಡಿಕೊಂಡದ್ದಲ್ಲ. ಇದ್ದ ಮಾತು ಹೇಳಿದರು. ಹುಡುಗಿ ಕೇಳಿಸಿಕೊಂಡು ಬೂಟಿನ ಲಾಡಿ ಬಿಗಿಯುತ್ತಿದ್ದಳು.

ಈಗ ಆ ಗೆರೆಯ ವಿಷಯ.

ಫೈನಲಿಗೆ ಮುಂಚೆ ಬಡಗು ಗೋಲಿನ ಕಡೆ ಹುಡುಗರು ಸುಣ್ಣದ ಪುಡಿಯಿಂದ ಮತ್ತೆ ಗೆರೆ ಎಳೆದಿದ್ದರು. ತೆಂಕು ಗೋಲಿಗೆ ಬರುವ ಹೊತ್ತಿಗೆ ಸುಣ್ಣ ತೀರಿತು. ಬಯಲಿಗೆ ಹತ್ತಿದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಸಂಘಟಕರು ಅವಳಿಗೆ, ಎರಡು ಕಂಬದ ನಡುವೆ ರಂಗೋಲಿಯಿಂದ ಒಂದು ಗೆರೆ ಕೊರೆದುಕೊಡು ಎಂದು ಹೇಳಿ ಹೋಗಿಬಿಟ್ಟರು. ಆಯಿ ಬಂದು ನೋಡಿದಳು. ಎರಡು ಕಡೆ ಕಂಬ, ಮೇಲೆ ತೊಲೆ, ತೊಲೆಗೆ ಬೆಳಗಿನ ಉದ್ಘಾಟನೆಗೆಂದು ಕಟ್ಟಿದ ಮಾವಿನ ತೋರಣ. ಅವಳ ಕಣ್ಣಿಗೆ ಅದು ಬಾಗಿಲು. ಬಾಗಿಲ ಕೆಳಗೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೆಗಣಿ ನೀರಿನಿಂದ ಕಂಬದಿಂದ ಕಂಬಕ್ಕೆ ಪಟ್ಟಿ ಸಾರಿಸಿದಳು. ಅಂಚಿಗೆ ಎರಡು ಎಳೆ ಎಳೆದಳು, ನಡುವೆ ಸಾಲಾಗಿ ಸಣ್ಣ ಕಮಲ ಬಿಡಿಸಿದಳು. ಮೇಲೆ ಅರಿಶಿನ ಕುಂಕುಮ ಏರಿಸಿ, ಕಂಬಗಳಿಗೂ ಹಚ್ಚಿ ಕೈಮುಗಿದಳು.

ನಾನು ಹೋಗಿ ನೋಡಿ ಬೆರಗಾದೆ. ಒಂದು ಗೆರೆ ಸಾಕಿತ್ತಲ್ಲ ಆಯಿ ಎಂದೆ.

“ಬಾಗಲಾ ಅಂದಮ್ಯಾಲೆ ಹೊಸ್ತಿಲಾ ಬ್ಯಾಡೇನೋ ತಮ್ಮಾ?” ಎಂದಳು. “ಇಷ್ಟ ದೊಡ್ಡ ಬಾಗಲಾ ಮಾಡಿ ಬೋಳ ಬಿಡತೀರೇನು?”

ಪಟ್ಟಿಯ ಅಗಲವನ್ನು ಕೈಯಿಂದ ಅಳೆದೆ. ಗೆರೆ ಎಷ್ಟು ಅಗಲ ಇರಬಹುದೆಂದು ನಿಯಮ ಹೇಳುತ್ತದೆಯೋ ಅದರೊಳಗೇ ಇತ್ತು. ನೇರವಾಗಿಯೂ ಇತ್ತು, ಹುಡುಗರು ಎಳೆದ ಸುಣ್ಣದ ಗೆರೆಗಿಂತ ನೇರ. ರೆಫರಿಯೂ ಬಂದು ನೋಡಿ, ಇರಲಿ ಎಂದರು.

ಗೋಲಿಗೆ ಕಟ್ಟಿದ್ದು ಒಣದ್ರಾಕ್ಷಿ ಶೆಡ್ಡಿನ ಬಲೆ. ಹಿಂದಕ್ಕೆ ಜಗ್ಗಿ ಕಟ್ಟಲು ಗೂಟವಿಲ್ಲದೆ ತೊಲೆಯಿಂದ ನೆಟ್ಟಗೆ ಕೆಳಗಿಳಿಸಿ ಕಲ್ಲು ಹೇರಿದ್ದರು. ಹೀಗಾಗಿ ಗೆರೆಯ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ. ಇದನ್ನೂ ಓದುವವರು ನೆನಪಿಡಬೇಕು.

ಫೈನಲಿನಲ್ಲಿ ಎರಡೂ ಕಡೆ ಒಂದೊಂದು ಗೋಲಾಯಿತು. ಆಟ ನಡೆಯುವಾಗ ಗೋಲ್‌ಕೀಪರ್ ಗೆರೆಯ ಮೇಲೆ ನಿಲ್ಲಬೇಕೆಂದೇನೂ ಇಲ್ಲ, ಮುಂದೆಯೇ ಓಡಾಡುತ್ತಿರುತ್ತಾರೆ. ಆದರೂ ಒಂದನ್ನು ನಾನು ಗಮನಿಸಿದ್ದೆ. ತೆಂಕು ಗೋಲಿನಲ್ಲಿದ್ದಾಗ ನಾಲತವಾಡದ ಹುಡುಗಿ ಬಲೆಗೆ ಬಿದ್ದ ಚೆಂಡು ತರಲು ಹೋದರೂ ಆ ಪಟ್ಟಿಯ ಈಚೆಯಿಂದಲೇ ಬಗ್ಗಿ ಕೈ ಚಾಚುತ್ತಿದ್ದಳು, ಕಾಲು ತಾಗಿಸುತ್ತಿರಲಿಲ್ಲ. ಇಂಡಿಯ ಗೋಲ್‌ಕೀಪರ್ ಕೂಡ ಹಾಗೇ ಮಾಡುತ್ತಿದ್ದಳು. ಇಬ್ಬರೂ ಹೊಸ್ತಿಲ ಮೇಲೆ ನಿಂತರೆ ಬೈಸಿಕೊಂಡು ಬೆಳೆದವರೇ. ನಮ್ಮಲ್ಲಿ ಬೈಸಿಕೊಳ್ಳದೆ ಬೆಳೆದವರು ಯಾರಿದ್ದಾರೆ?

ಸಮವಾದ್ದರಿಂದ ಪೆನಾಲ್ಟಿ ಒದೆತಕ್ಕೆ ಬಂತು. ಒಂದೊಂದು ತಂಡಕ್ಕೆ ಐದೈದು ಒದೆತ. ಯಾವ ಗೋಲು ಎಂದು ನಾಣ್ಯ ಹಾರಿಸಿದರು, ತೆಂಕಣದ್ದು ಬಂತು. ಪೆನಾಲ್ಟಿಯ ನಿಯಮ ಬೇರೆ. ಒದೆಯುವವಳ ಕಾಲು ಚೆಂಡಿಗೆ ತಾಗುವವರೆಗೆ ಗೋಲ್‌ಕೀಪರಿನ ಒಂದು ಕಾಲಾದರೂ ಗೆರೆಯ ಮೇಲಿರಬೇಕು, ಇಲ್ಲವೇ ಅದರ ಹಿಂದೆ. ಮುಂದೆ ಬಂದು ತಡೆದರೆ ಅದು ತಡೆದಂತಲ್ಲ, ಮತ್ತೆ ಒದೆಯಬೇಕು. ಅದನ್ನು ನೋಡುವುದಷ್ಟೇ ಆ ಮೂಲೆಯಲ್ಲಿ ನಿಂತ ಲೈನ್ಸ್‌ಮನ್ನನ ಕೆಲಸ. ಚೆಂಡು ಎಷ್ಟು ಚೆಂದ ಹೋಯಿತೆಂದು ನೋಡುವುದು ಅವನ ಕೆಲಸವಲ್ಲ, ಯಾರ ಮುಖವನ್ನು ನೋಡುವುದೂ ಅಲ್ಲ. ನಾನು ಮಂಡಿ ಬಗ್ಗಿಸಿ, ಕಣ್ಣು ಗೆರೆಗೆ ನೆಟ್ಟು ನಿಂತೆ. ಒದೆಯುವ ತಂಡದ ಗೋಲ್‌ಕೀಪರ್ ಅದೇ ಗೋಲು ಗೆರೆಯ ಮೇಲೆ, ಇನ್ನೂ ಆಚೆ, ನನ್ನ ಬೆನ್ನ ಹಿಂದೆ ನಿಲ್ಲಬೇಕು. ಉಳಿದ ಹುಡುಗಿಯರೆಲ್ಲ ಇನ್ನೊಬ್ಬ ಲೈನ್ಸ್‌ಮನ್ನನ ಜೊತೆ ಬಯಲಿನ ನಟ್ಟನಡುವೆ ಇದ್ದರು.

ಮುದ್ದೇಬಿಹಾಳದವರು ಮೊದಲು ಒದೆದು ಗೋಲು ಮಾಡಿದರು. ಇಂಡಿಯ ಮೊದಲ ಒದೆತವನ್ನು ನಾಲತವಾಡದ ಹುಡುಗಿ ಹಾರಿ ತಡೆದಳು. ಚೆಂಡು ಅವಳ ಎದೆಗೆ ಬಡಿದು ಬಿತ್ತು. ಆದರೆ ಅವಳ ಎರಡೂ ಬೂಟುಗಳು ಪಟ್ಟಿಯ ಮುಂದಿದ್ದವು, ಹಿಂದಿನ ಅಂಚಿನಿಂದಲ್ಲ, ಮುಂದಿನ ಅಂಚಿನಿಂದಲೂ ಒಂದು ಗೇಣು ಮುಂದೆ. ನಾನು ಬಾವುಟ ಎತ್ತಿದೆ.

ಇಂಡಿಯ ಕಡೆಯ ಮಂದಿ ಸೀಟಿ ಹೊಡೆದು ಕುಣಿದರು. ನನಗೆ ಶಾಬ್ಬಾಸ್ ಎಂದರು. ಮುದ್ದೇಬಿಹಾಳದ ಮೇಡಂ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರೆಫರಿ ಹುಡುಗಿಯನ್ನು ಕರೆದು ಎಚ್ಚರಿಸಿದರು. ಮತ್ತೆ ಒದೆದಾಗ ಗೋಲಾಯಿತು.

ಅಲ್ಲಿಂದ ಮುಂದೆ ಎರಡೂ ಕಡೆ ಎಲ್ಲವೂ ಗೋಲು. ಇಬ್ಬರು ಗೋಲ್‌ಕೀಪರುಗಳೂ ಪ್ರತಿ ಸಲವೂ ಪಟ್ಟಿಯ ಮುಂದೆಯೇ ನಿಲ್ಲುತ್ತಿದ್ದರು. ಗೋಲಾದರೆ ಅದು ತಪ್ಪೆಂದು ಲೆಕ್ಕಕ್ಕೆ ಬರುವುದಿಲ್ಲ, ಬಾವುಟ ಎತ್ತುವಂತಿಲ್ಲ. ಎತ್ತಲಿಲ್ಲ. ಮುದ್ದೇಬಿಹಾಳದ ಐದೂ ಒಳಗೆ ಹೋದವು. ಇಂಡಿಯ ನಾಲ್ಕು ಹೋದವು, ಒಂದು ಉಳಿಯಿತು. ಅದು ಹೋದರೆ ಆಟ ಮುಂದುವರಿಯುತ್ತದೆ, ತಡೆದರೆ ಮುದ್ದೇಬಿಹಾಳ ಗೆಲ್ಲುತ್ತದೆ.

ಅವಳು ತಡೆದಳು. ಎಡಕ್ಕೆ ಹಾರಿ ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಿದ್ದಳು. ಮುದ್ದೇಬಿಹಾಳದ ಹುಡುಗಿಯರು ಕೂಗುತ್ತ ಓಡಿ ಬರುತ್ತಿದ್ದರು. ನನ್ನ ಕೈ ಮೇಲೆ ಹೋಗಿತ್ತು. ಕಾಲುಗಳು ಮತ್ತೆ ಮುಂದಿದ್ದವು, ಅದೇ ಒಂದು ಗೇಣು. ಎತ್ತಿದ್ದಕ್ಕೆ ನನಗೆ ಇವತ್ತಿಗೂ ವ್ಯಥೆಯಿಲ್ಲ. ಮತ್ತೆ ಅದೇ ಸಂಜೆ ಬಂದರೆ ಮತ್ತೆ ಎತ್ತುತ್ತೇನೆ.

ರೆಫರಿ ಅವಳಿಗೆ ಹಳದಿ ಕಾರ್ಡು ತೋರಿಸಿದರು. ಇನ್ನೊಮ್ಮೆ ಹೀಗಾದರೆ ಕೆಂಪು, ಅವಳು ಹೊರಗೆ. ಅವರು ಸಿಟ್ಟಾಗಲಿಲ್ಲ. ಗೆರೆ ಇಲ್ಲೇ ಐತಲ್ಲವ್ವಾ, ಯಾಕ ನಿಂದರವಲ್ಲಿ ಎಂದು ಕೇಳಿದರು. ಹುಡುಗಿ ಕೂತು ಬೂಟಿನ ಲಾಡಿ ಬಿಚ್ಚತೊಡಗಿದಳು. ಬರಿಗಾಲಲ್ಲಾದರೆ ನಿಲ್ಲುತ್ತೇನೆ ಎಂದಳು. ರೆಫರಿ ಬೂಟಿಲ್ಲದೆ ಆಡಿಸಲು ಬರುವುದಿಲ್ಲವೆಂದರು. ಆಗ ಅವಳು ಎದ್ದು ನಿಂತು ಹೇಳಿದಳು:

“ನಮ್ಮಪ್ಪ ಮಂದಿ ಮನಿ ಕಟ್ಟಿ ಮ್ಯಾಲ ಕುಂತು ದುಡೀತಾನ್ರಿ. ಯಾರ ಹೊಸ್ತಿಲಾನೂ ತುಳೀಬ್ಯಾಡ ಅಂತ ಸಣ್ಣಾಕಿ ಇದ್ದಾಗಿಂದ ಹೇಳ್ಯಾನ. ಬೂಟ ಹಾಕ್ಕೊಂಡು ಇದನ್ನ ಹೆಂಗ ತುಳೀಲ್ರಿ?”

ಮಾತು ಬಾಯಿಂದ ಬಾಯಿಗೆ ಹೋಯಿತು. ಅಲ್ಲಿಯವರೆಗೆ ಅದು ಗೆರೆಯಾಗಿತ್ತು. ಈಗ ಎಲ್ಲರಿಗೂ ಅದು ಹೊಸ್ತಿಲಾಯಿತು. ಪಟ್ಟಿಯನ್ನು ಅಳಿಸಿ ಬರಿಗೆರೆ ಎಳೆಯಿರೆಂದು ರೆಫರಿ ಸಂಘಟಕರಿಗೆ ಹೇಳಿದರು. ಯಾರೂ ಮುಂದೆ ಬರಲಿಲ್ಲ. ಕುಂಕುಮ ಏರಿಸಿದ ಹೊಸ್ತಿಲನ್ನು ದೀಪ ಹಚ್ಚುವ ಹೊತ್ತಿಗೆ ಬಳಿಯುತ್ತಾರೇನು ಎಂದು ಒಬ್ಬರು ಗೊಣಗಿದರು. ಮಂದಿಯೊಳಗಿಂದ ಒಂದು ದನಿ, ತುಳಿಯಲಿ ನೋಡೋಣ ಎಂದಿತು. ಅದು ತಮಾಷೆಯ ದನಿಯಾಗಿರಲಿಲ್ಲ. ಒಂದು ಹುಡುಗಿ, ಒಂದು ಪಟ್ಟಿ ರಂಗೋಲಿ, ಸುತ್ತ ಅಷ್ಟು ಮಂದಿ. ಅವಳ ಹೆಸರು, ಅವಳ ತಂದೆಯ ಹೆಸರು ಎಲ್ಲರಿಗೂ ಗೊತ್ತು. ಏನೂ ಆಗಬಹುದಿತ್ತು.

ಅಷ್ಟರಲ್ಲಿ ಆಯಿ ಬಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಯಾರನ್ನೂ ಕೇಳದೆ ಮೈದಾನದೊಳಗೆ ನಡೆದಳು. ಏನಾಯಿತೆಂದು ರೆಫರಿ ಹೇಳಿದರು. ಅವಳು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಈ ಬಾಗಲದಾಗ ನಿನ್ನ ಕೆಲಸಾ ಏನ ಬೇ?”

“ಚೆಂಡ ಒಳಗ ಬಿಡಬಾರದ್ರಿ ಆಯಿ.”

“ಮತ್ತ ಕಾಯಾಕಿ ಹೊಸ್ತಿಲ ಮ್ಯಾಲ ನಿಂದರಲಿಲ್ಲಂದ್ರ ಇನ್ನೆಲ್ಲಿ ನಿಂದರತಾಳ? ಹೋಗು-ಬರೂ ಮಂದಿ ತುಳೀಬಾರದು. ಕಾಯಾಕಿಗೆ ಅದಽ ಜಾಗಾ.”

ಇಂಡಿಯ ಕಡೆಯವನೊಬ್ಬ ಕೂಗಿದ, ಆಯಿ ನಮ್ಮೂರಾಗಿದ್ದು ಅವರ ಕಡೆ ಮಾತಾಡುತ್ತಾಳೆ ಎಂದು. ಅವಳು ತಿರುಗಿ ನೋಡಿದಳು. ದನಿ ಏರಿಸಲಿಲ್ಲ.

“ನಾ ಯಾರ ಕಡೀನೂ ಅಲ್ಲಪಾ. ಗೆರಿ ಕೊರದಾಕಿ ನಾ. ನನ್ನ ಗೆರಿ ಸಲುವಾಗಿ ಒಬ್ಬಾಕಿ ಸೋಲಬಾರದು. ಗೆಲ್ಲೂದಿದ್ರ ನಿಮ್ಮ ಹುಡುಗಿ ಒದ್ದು ಗೆಲ್ಲಲಿ.”

ಆಮೇಲೆ ಹುಡುಗಿಯ ಹತ್ತಿರ ಹೋಗಿ, ಬೂಟು ಹಾಕಿಕೊಂಡೇ ನಿಲ್ಲು, ನಾನು ನೋಡುವುದಿಲ್ಲ ಎಂದು ಹೇಳಿದಳು. ಮೈದಾನದ ಅಂಚಿಗೆ ಬಂದು ಗೋಲಿಗೆ ಬೆನ್ನು ಮಾಡಿ ನಿಂತಳು. ಅವಳೂ ಹೊಸ್ತಿಲನ್ನು ಪೂಜಿಸಿಕೊಂಡು ಬಂದವಳು. ನಿಲ್ಲು ಎನ್ನಬಲ್ಲಳು, ನೋಡಲಾರಳು. ಆ ಬೆನ್ನನ್ನು ನಾನು ಮರೆತಿಲ್ಲ.

ಹುಡುಗಿ ಲಾಡಿ ಕಟ್ಟಿಕೊಂಡಳು. ಪಟ್ಟಿಯ ಮುಂದೆ ಬಗ್ಗಿ ಬಲಗೈ ಬೆರಳನ್ನು ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. ಆಮೇಲೆ ಎರಡೂ ಕಾಲು ಎತ್ತಿ ಕಮಲಗಳ ಮೇಲೆ ಇಟ್ಟಳು. ಮಂದಿಯಿಂದ ಒಂದು ಉಸಿರು ಹೊರಬಿತ್ತು, ಅಷ್ಟೇ.

ಈಗ ನಾನು ಕಂಡದ್ದು. ಇಂಡಿಯ ಹುಡುಗಿ ಓಡಿ ಬಂದಳು. ಅವಳ ಕಾಲು ಚೆಂಡಿಗೆ ತಾಗಿದ ಹೊತ್ತಿಗೆ ಗೋಲ್‌ಕೀಪರಿನ ಎಡಗಾಲು ಗೆರೆ ಬಿಟ್ಟು ಮುಂದೆ ಬಂದಿತ್ತು. ಬಲಗಾಲು ಗೆರೆಯ ಮೇಲಿತ್ತು. ಬೂಟಿನ ಮುಂಗಾಲು ಒಂದು ಕಮಲದ ನಡುವೆ ಒತ್ತಿತ್ತು, ಹಿಮ್ಮಡಿ ಮೇಲೆದ್ದಿತ್ತು. ಅದು ಗೆರೆಯ ಮುಂದೆಯೂ ಇರಲಿಲ್ಲ, ಗಾಳಿಯಲ್ಲೂ ಇರಲಿಲ್ಲ. ಒಂದು ಕಾಲು ಸಾಕು ಎನ್ನುತ್ತದೆ ನಿಯಮ. ಆ ಕಾಲಿನಿಂದಲೇ ಅವಳು ನೆಲ ಒದ್ದು ಎಡಕ್ಕೆ ಹಾರಿದಳು. ಚೆಂಡು ಮಣಿಕಟ್ಟಿಗೆ ಬಡಿದು, ಕಂಬಕ್ಕೆ ಬಡಿದು, ಹೊರಗೆ ಪುಟಿಯಿತು.

ನಾನು ಬಾವುಟವನ್ನು ಕೆಳಗೇ ಹಿಡಿದೆ.

ಎತ್ತು ಝಂಡಾ, ಎತ್ತು ಎಂದು ಬಯಲೆಲ್ಲ ಕೂಗಿತು. ಎರಡು ಸಲ ನನಗೆ ಶಾಬ್ಬಾಸ್ ಎಂದವರೇ ಈಗ ನನ್ನ ತಾಯಿಯನ್ನು ನೆನೆಸುತ್ತಿದ್ದರು. ಯಾರದೋ ಬುಟ್ಟಿಯಿಂದ ಲಿಂಬೆಹಣ್ಣು ಬರತೊಡಗಿದವು. ಒಂದು ಕಿವಿಯ ಮೇಲೆ ಬಡಿಯಿತು. ಇಂಡಿಯ ಲಿಂಬೆ ಸಣ್ಣದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಿವಿ ಗುಂಯ್ ಎನ್ನುತ್ತಿತ್ತು, ಬಾವುಟದ ಕೈಯನ್ನು ಮಾತ್ರ ತೊಡೆಗೆ ಒತ್ತಿ ಹಿಡಿದಿದ್ದೆ.

ರೆಫರಿ ಓಡಿ ಬಂದು ನನ್ನ ಮುಖ ನೋಡಿದರು. ನಾನು ಪಟ್ಟಿಯ ಕಡೆ ಕೈ ತೋರಿಸಿದೆ. ಇಬ್ಬರೂ ಹೋಗಿ ಬಗ್ಗಿ ನೋಡಿದೆವು. ಸೆಗಣಿ ಸಾರಿಸಿದ ಮೆತ್ತನೆಯ ನೆಲದಲ್ಲಿ, ಕಮಲದ ಎಸಳುಗಳ ನಡುವೆ, ಬೂಟಿನ ಮುಂಗಾಲು ತಿರುಗಿ ಒದ್ದ ಗುರುತು ಇಳಿದಿತ್ತು. ಕುಂಕುಮ ಒಂದು ಕಡೆಗೆ ಚೆಲ್ಲಿತ್ತು. ಅವರು ಅದನ್ನು ನೋಡಿ ತಲೆಯಾಡಿಸಿ, ಎದ್ದು ನಿಂತು ಉದ್ದನೆಯ ಸೀಟಿ ಊದಿದರು.

ಆ ಗುರುತು ಉಳಿದಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಸೀಟಿ ಊದಿದ ಮೇಲೆ ಮಂದಿ ಒಳಗೆ ನುಗ್ಗಿತು. ನಮ್ಮ ಹೊಸ್ತಿಲನ್ನು ಬೂಟುಗಾಲಲ್ಲಿ ತುಳಿದಳೆಂದು ಬೈಯುತ್ತ ಬಂದವರು ಚಪ್ಪಲಿ ಹಾಕಿಕೊಂಡೇ ಆ ಹೊಸ್ತಿಲ ಮೇಲೆ ನಿಂತರು, ತಳ್ಳಾಡಿದರು, ಕೈ ಮಾಡಿ ಮಾತಾಡಿದರು. ಕಮಲಗಳು ಹೋದವು, ಎಳೆಗಳು ಹೋದವು, ಗುರುತೂ ಹೋಯಿತು. ಒಬ್ಬನಿಗೂ ತನ್ನ ಕಾಲ ಕೆಳಗೆ ಏನಿದೆಯೆಂದು ನೋಡಬೇಕೆನಿಸಲಿಲ್ಲ. ಹುಡುಗಿಯನ್ನು ಅವರ ಮೇಡಂ ಮತ್ತು ತಂಡದವರು ನಡುವೆ ಹಾಕಿಕೊಂಡು ಟೆಂಪೋದ ಹತ್ತಿರ ಕರೆದುಕೊಂಡು ಹೋದರು.

ಪೆಂಡಾಲಿನಲ್ಲಿ ಪಂಚಾಯಿತಿ ನಡೆಯಿತು. ಫಲಿತಾಂಶ ರದ್ದು ಮಾಡಿ ಇನ್ನೊಮ್ಮೆ ಒದೆಸಿ ಎಂದರು ಕೆಲವರು. ಹಿರಿಯರೊಬ್ಬರು ನನ್ನ ಎದುರು ಕೂತು, ಬೆಳಿಗ್ಗೆ ನಮ್ಮ ಸಿಂದಗಿ ಸೋತದ್ದಕ್ಕೆ ನನಗೆ ಇಂಡಿಯ ಮೇಲೆ ಹೊಟ್ಟೆಕಿಚ್ಚೆಂದರು. ಬೆಳಿಗ್ಗೆ ನಮ್ಮನ್ನು ಸೋಲಿಸಿದ್ದು ಮುದ್ದೇಬಿಹಾಳ, ಇಂಡಿಯಲ್ಲ ಎಂದು ನಾನು ನೆನಪಿಸಿದೆ. ಪಕ್ಕದಲ್ಲಿ ಯಾರೋ ಫಕ್ಕನೆ ನಕ್ಕರು. ಹಿರಿಯರು ನಗಲಿಲ್ಲ. ಕಾಲು ಗೆರೆ ಬಿಟ್ಟಿತ್ತು ಎಂದು ಒಂದು ಮಾತು ಹೇಳಿಬಿಡಿ, ಊರು ತಣ್ಣಗಾಗುತ್ತದೆ, ಆ ಹುಡುಗಿಗೂ ಒಳ್ಳೆಯದು ಎಂದರು.

“ಬಿಟ್ಟಾಗ ಎರಡ ಸಲ ಎತ್ತೀನ್ರಿ,” ಎಂದೆ. “ಬಿಡಲಾರದಾಗ ಎತ್ತಂಗಿಲ್ಲ.”

ಬೇರೆ ಮಾತು ನನ್ನ ಹತ್ತಿರ ಇರಲಿಲ್ಲ. ಅವರು ಮೂರು ತೆರನಾಗಿ ಕೇಳಿದರು, ನಾನು ಒಂದೇ ತೆರನಾಗಿ ಹೇಳಿದೆ. ಕೊನೆಗೆ ಬಾಗೇವಾಡಿಯ ರೆಫರಿ, ತಾವೂ ಗುರುತು ನೋಡಿದ್ದಾಗಿ ಹೇಳಿ ಎದ್ದರು. ಆಟ ಮುಗಿದಿದೆ ಎಂದರು. ಅವರು ಎದ್ದ ಮೇಲೆ ಪಂಚಾಯಿತಿಗೆ ಕೂತು ಮಾಡುವುದೇನೂ ಉಳಿಯಲಿಲ್ಲ.

ಮುದ್ದೇಬಿಹಾಳ ರಾಜ್ಯದ ಆಯ್ಕೆಗೆ ಹೋಯಿತು. ತಂಡ ಅಲ್ಲಿ ಗೆಲ್ಲಲಿಲ್ಲ, ಆದರೆ ಗೋಲ್‌ಕೀಪರನ್ನು ಆಯ್ಕೆಗಾರರು ಗಮನಿಸಿದರು. ದೇಶದ ತಂಡದ ಶಿಬಿರಕ್ಕೆ ಅವಳನ್ನು ಕರೆದರು. ಶಿಬಿರದ ಕೊನೆಯಲ್ಲಿ ಅರ್ಹತಾ ಸುತ್ತಿಗೆ ಹೊರಟವರಲ್ಲಿ ಅವಳ ಹೆಸರಿರಲಿಲ್ಲ. ಈ ವರ್ಷ ಇಪ್ಪತ್ತರೊಳಗಿನವರ ತಂಡಕ್ಕೂ ಹಾಗೇ ಆಯಿತು. ಶಿಬಿರದವರೆಗೆ ಹೋದಳು, ವಿಮಾನದವರೆಗೆ ಹೋಗಲಿಲ್ಲ. ಚಹಾದಂಗಡಿಯವರು ದೇವರ ಕೆಲಸವೆಂದದ್ದು ಇದನ್ನು.

ಆ ಮಾತು ಕೇಳಿದ ಮೇಲಿನ ರಜೆಯಲ್ಲಿ ನಾನು ನಾಲತವಾಡಕ್ಕೆ ಹೋದೆ. ಅವಳು ಮನೆಯಲ್ಲಿದ್ದಳು. ಈಗ ಒಂದು ಕ್ಲಬ್ಬಿಗೆ ಆಡುತ್ತಾಳೆ, ಹಬ್ಬಕ್ಕೆಂದು ಬಂದಿದ್ದಳು. ತಂದೆ ಅಂಗಳದಲ್ಲಿ ಹತ್ತಿ ಹಾಕಿಕೊಂಡು ಕೂತಿದ್ದರು. ಮಂದಿ ಹೀಗೆ ಆಡಿಕೊಳ್ಳುತ್ತಿದ್ದಾರೆಂದು ನಾನು ಹಿಂಜರಿಯುತ್ತ ಹೇಳಿದೆ. ಅವಳು ನಕ್ಕಳು.

“ಶಿಬಿರದಾಗ ನನಗಿಂತ ಎತ್ತರದಾವರು ಮೂವರು ಇದ್ರು ಸರ. ಮ್ಯಾಲಿನ ಚೆಂಡು ನನಗ ಎಟಕಲಿಲ್ಲ. ಅದಕ್ಕ ಹೆಸರು ಬರಲಿಲ್ಲ. ಇದಕ್ಕ ಹೊಸ್ತಿಲಾ ಏನ ಮಾಡತೈತ್ರಿ ಪಾಪ?”

ಹಿರಿಯರ ತಂಡಕ್ಕೂ ಮುಂದೆ ಅರ್ಹತಾ ಸುತ್ತು ಬರುತ್ತದೆ, ಅದಕ್ಕೆ ವಯಸ್ಸಿನ ಮಿತಿಯಿಲ್ಲ ಎಂದಳು. ಕರೆದಷ್ಟು ಸಲ ಹೋಗುತ್ತೇನೆ, ಕರೆಯದಿದ್ದರೆ ಕರೆಯುವವರೆಗೆ ಆಡುತ್ತೇನೆ ಎಂದಳು. ಆ ದಿನದ್ದನ್ನು ಬರೆಯಬೇಕೆಂದಿದ್ದೇನೆ, ನಿಮಗೆ ತೊಂದರೆಯಾಗುವಂತಿದ್ದರೆ ತುಳಿದ ಮಾತನ್ನು ಬಿಡುತ್ತೇನೆ ಎಂದು ನಾನು ತಂದೆಗೆ ಹೇಳಿದೆ. ಅವರು ಕೈಯ ಹತ್ತಿಯನ್ನು ಕೆಳಗಿಟ್ಟರು.

“ತುಳದಾಳ ಅಂತನ ಬರೀರಿ ಸರ. ಮುಚ್ಚಬ್ಯಾಡ್ರಿ. ನಾ ಹೇಳಿದ್ದು ಮಂದಿ ಮನಿ ಹೊಸ್ತಿಲದ ಮಾತು. ಅದು ಆಕಿ ಕಾಯೂ ಹೊಸ್ತಿಲ. ಅದರ ಮ್ಯಾಲ ಆಕಿ ನಿಂದರಬೇಕು.”

ಆ ಪಂದ್ಯದ ಮೇಲೂ ತಾವು ಊರೂರು ತಿರುಗಿದ್ದಾಗಿಯೂ, ಯಾವ ಮನೆಯವರೂ ತಮ್ಮನ್ನು ಕಟ್ಟೆಯಿಂದ ಇಳಿಸಿಲ್ಲವೆಂದೂ ಹೇಳಿದರು. ಚಹಾದಂಗಡಿಯ ಮಂದಿಗೆ ನಾನು ಹೇಳುವುದು ಇಷ್ಟೇ: ತುಳಿದದ್ದಕ್ಕೆ ಅವಳು ಹಿಂದೆ ಬೀಳಲಿಲ್ಲ. ತುಳಿಯದೆ ಹೋಗಿದ್ದರೆ ತಾಂಬಾದ ಬಯಲು ದಾಟುತ್ತಿರಲಿಲ್ಲ.

ಗುರುತು ನೋಡಿದ ರೆಫರಿ ಹೋದ ವರ್ಷ ಬಾಗೇವಾಡಿಯಲ್ಲಿ ತೀರಿಕೊಂಡರು. ಬಯಲಿನ ನಡುವೆ ನಿಂತಿದ್ದ ಇನ್ನೊಬ್ಬ ಲೈನ್ಸ್‌ಮನ್ ಇದ್ದಾರೆ. ಅಷ್ಟು ದೂರದಿಂದ ಕಾಲು ಕಾಣಲಿಲ್ಲವೆಂದು ಅವರೇ ಹೇಳುತ್ತಾರೆ. ಆಯಿ ತಾಂಬಾದಲ್ಲಿ ಗಟ್ಟಿಯಾಗಿದ್ದಾಳೆ, ಆದರೆ ಅವಳು ಬೆನ್ನು ಮಾಡಿ ನಿಂತಿದ್ದಳು. ಯಾರು ಕೇಳಿದರೂ, ನಾ ನೋಡಿಲ್ಲ ಎಂದೇ ಹೇಳುತ್ತಾಳೆ. ಅದು ನಿಜ. ಗೆರೆಯುದ್ದಕ್ಕೂ ನೋಡಿದವರು ನನ್ನನ್ನು ಬಿಟ್ಟರೆ ಒಬ್ಬಳೇ: ಇಂಡಿಯ ಗೋಲ್‌ಕೀಪರ್. ಕೊನೆಯ ಒದೆತಕ್ಕೆ ಅವಳು ನನ್ನ ಬೆನ್ನ ಹಿಂದೆ ಅದೇ ಗೆರೆಯ ಮೇಲೆ ನಿಂತು, ಬಗ್ಗಿದ್ದ ನನ್ನ ತಲೆಯ ಮೇಲಿಂದ ನೋಡುತ್ತಿದ್ದಳು. ಸೋತ ತಂಡದವಳು. ಇಂಡಿಯಲ್ಲಿಯೇ ಇದ್ದಾಳೆ, ಕಾಲೇಜು ಓದುತ್ತಾಳೆ, ಈಗಲೂ ಆಡುತ್ತಾಳೆ. ಬಲಗಾಲು ಗೆರೆಯ ಮೇಲಿತ್ತೆಂದು ಕೇಳಿದವರಿಗೆಲ್ಲ ಹೇಳುತ್ತಾಳೆ. ಮುದ್ದೇಬಿಹಾಳದ ಐದು ಒದೆತಕ್ಕೂ ತಾನು ಹೊಸ್ತಿಲು ತುಳಿಯಲಿಲ್ಲವೆಂದೂ ಹೇಳುತ್ತಾಳೆ.